ಒದ್ದೆ ಗೋಣಿಯ ಬೇಸಿಗೆ

ಕಳೆದ ವಾರ ಮಲಾಡಿನ ಒಂದು ಉಡುಪಿ ಹೋಟೆಲಿನಲ್ಲಿ ಚಾ ಕುಡಿಯಲು ಕೂತಿದ್ದೆ. ಒಳಗಿನಿಂದ ಬೆಲ್ಲ ಹಾಕಿದ ರವೆಯ ಬಿಸಿ ವಾಸನೆ ಬಂತು. ಅದೇ ಹೊತ್ತಿಗೆ ಬಾಗಿಲ ಬಳಿಯ ಚೈನೀಸ್ ಕೌಂಟರಿನಿಂದ ವಿನೆಗರಿನ ಹುಳಿ ಘಾಟು. ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ಇದ್ದ ಹಸಿವೂ ಸತ್ತುಹೋಯಿತು. ಬೇರೆಯವರಿಗೆ ಅದು ಹೋಟೆಲಿನ ವಾಸನೆ, ನನಗೆ ನೊಣಗಳ ಊಟದ ವಾಸನೆ. ಚಾ ಅರ್ಧಕ್ಕೆ ಬಿಟ್ಟು ಎದ್ದೆ. ಮನೆಗೆ ನಡೆಯುವ ದಾರಿಯುದ್ದಕ್ಕೂ ಕಾಲೇಜಿನ ಆ ಬೇಸಿಗೆ ಬೆನ್ನು ಬಿಡಲಿಲ್ಲ.

ನಾನು ಮುಂಬಯಿಗೆ ಬಂದದ್ದು ಹೋಟೆಲ್ ಕೆಲಸಕ್ಕೆ. ಉಡುಪಿ ಕಡೆಯಿಂದ ಬಂದ ನನ್ನಂಥವರಿಗೆ ಆಗ ಬೇರೆ ದಾರಿಯನ್ನು ಯಾರೂ ತೋರಿಸುತ್ತಿರಲಿಲ್ಲ. ಫೋರ್ಟಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಹಿಟ್ಟು ರುಬ್ಬಿದೆ, ಶೀರಾ ಕೆದಕಿದೆ. ಆ ಹೋಟೆಲು ಮುಚ್ಚಿದಾಗ, ದಿನಾ ನಮ್ಮಲ್ಲಿ ತಿಂಡಿ ತಿನ್ನುತ್ತಿದ್ದ ಪ್ರೊಫೆಸರರೊಬ್ಬರು ಹತ್ತಿರದ ಕಾಲೇಜಿನ ತಮ್ಮ ಪ್ರಯೋಗಶಾಲೆಗೆ ನನ್ನನ್ನು ಸೇರಿಸಿಕೊಂಡರು. ಅಲ್ಲಿಯೂ ಅಡುಗೆಯ ಕೆಲಸವೇ. ರವೆ, ಬೆಲ್ಲ, ಗಟ್ಟಿಯಾಗಲು ಅಗರ್, ಕೊನೆಗೆ ಬೂಸ್ಟು ಹಿಡಿಯದಂತೆ ಹುಳಿ ವಾಸನೆಯ ಒಂದು ಆಸಿಡ್. ಬಿಸಿಯಿದ್ದಾಗಲೇ ಗಾಜಿನ ಸಣ್ಣ ಸೀಸೆಗಳಿಗೆ ಹೊಯ್ದು, ಆರಿದ ಮೇಲೆ ಹತ್ತಿಯ ಮುಚ್ಚಳ ಹಾಕಬೇಕು. ಗಿರಾಕಿಗಳೆಂದರೆ ಬಾಳೆಹಣ್ಣಿಗೆ ಮುತ್ತುವ ಕೆಂಗಣ್ಣಿನ ಸಣ್ಣ ನೊಣಗಳು. ಸಾಂಬಾರಿಗೆ ಉಪ್ಪು ಕಮ್ಮಿ ಎಂದು ಕೂಗಾಡದ ಗಿರಾಕಿಗಳು ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದರು ಎಂದು ಹೆಂಡತಿ ಗಿರಿಜಳ ಹತ್ತಿರ ಹೇಳಿ ನಗುತ್ತಿದ್ದೆ.

ಶಾಹೀನ್ ಆ ಪ್ರಯೋಗಶಾಲೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಬೈಕುಲ್ಲಾದಲ್ಲಿ ಅವಳ ತಂದೆಗೆ ಫ್ಯಾನಿನ ಮೋಟರಿಗೆ ತಂತಿ ಸುತ್ತಿಕೊಡುವ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಮೂಲ ವಿಜಯಪುರದ ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಮುಂಬಯಿಯಾದರೂ ಮನೆಯ ಕನ್ನಡ ಬಾಯಲ್ಲಿ ಗಟ್ಟಿಯಾಗಿ ಉಳಿದಿತ್ತು. ನನ್ನ ಕನ್ನಡ ಕೇಳಿದರೆ ಅವಳಿಗೆ ನಗು, ಅವಳದು ಕೇಳಿದರೆ ನನಗೆ. ಇಬ್ಬರೂ ಅವರವರ ಕನ್ನಡದಲ್ಲೇ ಮಾತಾಡಿಕೊಂಡು ನಾಲ್ಕು ವರ್ಷ ಕಳೆದೆವು.

ಐದನೆಯ ವರ್ಷ ಅವಳ ಕೊನೆಯ ಪ್ರಯೋಗ. ಎರಡು ಗುಂಪು ನೊಣಗಳು. ಮೊದಲ ದಿನ ನನ್ನನ್ನು ನಿಲ್ಲಿಸಿಕೊಂಡು ತಿಳಿಸಿಹೇಳಿದ್ದಳು.

"ಈ ಗುಂಪಿಗೆ ಯಾವಾಗ್ಲೂ ಇಪ್ಪತ್ತೈದು ಡಿಗ್ರಿ. ಆ ಗುಂಪಿಗೆ ಹಗಲ ಒಂಬತ್ತ ತಾಸ ಮೂವತ್ತನಾಲ್ಕು, ಉಳಿದ ಹೊತ್ತೆಲ್ಲಾ ಇಪ್ಪತ್ತು. ಆವರೇಜ್ ಎರಡಕ್ಕೂ ಹೆಚ್ಚೂಕಮ್ಮಿ ಒಂದಾ."

"ಹಾಗಾದ್ರೆ ಎರಡೂ ಒಂದೇ ಆಯ್ತಲ್ಲ?"

"ಅದ ಕಾಕಾ ಪ್ರಶ್ನೆ. ಪೇಪರದಾಗ, ಟಿವಿಯಾಗ ಎಲ್ಲಾರೂ ಆವರೇಜ್ ಹೇಳ್ತಾರ, ಭೂಮಿ ಇಷ್ಟ ಬಿಸಿ ಆಗ್ಯದ ಅಂತ. ಹುಳ ಆವರೇಜದಾಗ ಬದಕೂದಿಲ್ಲ. ಮಧ್ಯಾಹ್ನದಾಗ ಬದಕತದ."

ಆ ಮಾತು ನನಗೆ ಒಳ್ಳೆಯದಾಗಿ ಅರ್ಥವಾಯಿತು. ಮಲಾಡಿನ ಚಾಳಿನಲ್ಲಿ ತಗಡಿನ ಮಾಡಿನ ಕೆಳಗೆ ಬೆವರಿ, ಲೋಕಲ್ ರೈಲಿನಲ್ಲಿ ಬೆಂದು, ಪ್ರಯೋಗಶಾಲೆಯ ಎಸಿಯಲ್ಲಿ ನಡುಗಿ, ಸಂಜೆ ಮತ್ತೆ ಲೋಕಲಿನಲ್ಲಿ ಬೇಯುವ ಮನುಷ್ಯ ನಾನು. ಸರಾಸರಿ ಲೆಕ್ಕದಲ್ಲಿ ನನ್ನ ದಿನವೂ ಹಿತವಾಗಿಯೇ ಇದ್ದಿರಬೇಕು. ಆದರೆ ಮೊಣಕಾಲಿಗೂ ತಲೆಗೂ ಆ ಲೆಕ್ಕ ತಿಳಿಯುತ್ತಿರಲಿಲ್ಲ.

ಶಾಹೀನ್ ದಿನಾ ಮೊಟ್ಟೆ ಎಣಿಸುತ್ತಿದ್ದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಭೂತಗನ್ನಡಿಗೆ ಕಣ್ಣು ಕೊಟ್ಟು, ಯಾವ ಗುಂಪು ಎಷ್ಟು ಇಟ್ಟಿತು, ಎಷ್ಟು ಒಡೆದು ಹುಳವಾಯಿತು ಎಂದು ಬರೆಯುವುದು. ಸೆಕೆ-ಚಳಿ ಎರಡನ್ನೂ ಉಣ್ಣುತ್ತಿದ್ದ ಗುಂಪು ತಲೆಮಾರಿನಿಂದ ತಲೆಮಾರಿಗೆ ಕಡಿಮೆ ಇಡುತ್ತಾ ಬಂತು. ಇಳಿಯುತ್ತಲೇ ಹೋದರೆ ಒಂದು ಉತ್ತರ. ಎಲ್ಲೋ ಒಂದು ಕಡೆ ನಿಂತು ಮೇಲೇರಿದರೆ, ಅವು ಹೊಸ ಹವೆಗೆ ಹೊಂದಿಕೊಂಡವು ಎಂದರ್ಥ. ಅವಳ ಆಸೆ ಎರಡನೆಯದರ ಮೇಲೆಯೇ ಇತ್ತು. ಫೆಲೋಶಿಪ್ ಜೂನಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಪ್ರಯೋಗ ಮುಗಿಸಿ ಜುಲೈಯಲ್ಲಿ ಪ್ರಬಂಧ ಒಪ್ಪಿಸದಿದ್ದರೆ ಐದು ವರ್ಷದ ದುಡಿಮೆ ನೇತಾಡುತ್ತಿತ್ತು.

ಮಾರ್ಚ್ ನಡುವಿನಲ್ಲಿ, ಹಗಲಿಗೊಂದು ರಾತ್ರಿಗೊಂದು ತಾಪಮಾನ ಕೊಡುತ್ತಿದ್ದ ಕಪಾಟು ಕೆಟ್ಟು ನಿಂತಿತು. ರಿಪೇರಿಗೆ ಅರ್ಜಿ ಹೋಯಿತು, ಅರ್ಜಿಯ ಮೇಲೆ ಇನ್ನೊಂದು ಅರ್ಜಿ ಹೋಯಿತು. ಕೊನೆಗೆ ಶಾಹೀನಳೇ ಒಂದು ದಾರಿ ಹುಡುಕಿದಳು. ಮೂರು ಮಾಳಿಗೆಯ ಮೇಲೆ, ಟೆರೇಸಿನ ಬಾಗಿಲ ಪಕ್ಕ, ಮುರಿದ ಬೆಂಚು ಇಡುವ ಒಂದು ಕೋಣೆ ಇತ್ತು. ಬೇಸಿಗೆಯ ಹಗಲು ಅದು ತಾನಾಗಿಯೇ ಮೂವತ್ತನಾಲ್ಕು ಮೂವತ್ತೈದಕ್ಕೆ ಏರುತ್ತಿತ್ತು. ಆ ಗುಂಪಿನ ಸೀಸೆಗಳ ರ‍್ಯಾಕನ್ನು ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಗೆ ಒಯ್ಯುವುದು, ಸಂಜೆ ಆರಕ್ಕೆ ಇಳಿಸಿ ಕೆಳಗಿನ ತಣ್ಣಗಿನ ಕಪಾಟಿನಲ್ಲಿ ಇಡುವುದು. ಒಯ್ಯುವವನು ನಾನು. ಕೋಣೆಯ ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ನೋಡಿ ದಿನಕ್ಕೆ ಮೂರು ಸಲ ಪುಸ್ತಕದಲ್ಲಿ ಬರೆಯುವವನೂ ನಾನೇ. ಭಾನುವಾರವೂ ಮಲಾಡಿನಿಂದ ಬರುತ್ತಿದ್ದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕಿರುಗುಟ್ಟುತ್ತಿತ್ತು. ಆದರೂ ಹುಡುಗಿಯ ಮುಖ ನೋಡಿದರೆ ಒಲ್ಲೆ ಎನ್ನಲು ಬಾಯಿ ಬರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಸೆಕೆ ಏರಿತು. ಮಧ್ಯಾಹ್ನ ಒಂದಕ್ಕೆ ಅಂಕೆ ಬರೆಯಲು ಹತ್ತಿದರೆ ಸೀಸೆಗಳ ಒಳಗೆ ನೊಣಗಳು ಹಾರಾಟ ಬಿಟ್ಟು ರವೆಯ ಮೇಲೆ ರೆಕ್ಕೆ ಹರಡಿ ಬಿದ್ದುಕೊಂಡಿರುತ್ತಿದ್ದವು. ಕೆಲವಕ್ಕೆ ಕಾಲು ಮಾತ್ರ ಅಲ್ಲಾಡುತ್ತಿತ್ತು. ಕೆಳಗೆ ಬಂದು ಹೇಳಿದೆ.

"ಎಲ್ಲ ಸಾಯ್ತಾ ಉಂಟು ಮಾರಾಯ್ತಿ. ಬೇಗ ಇಳಿಸುದಾ?"

"ಬ್ಯಾಡ್ರಿ ಕಾಕಾ. ಸಾಯೂವು ಸಾಯ್ಲಿ ಬಿಡ್ರಿ. ಉಳದಾವಲ್ಲ, ಅವುಗಳ ಮಕ್ಕಳನ್ನ ನೋಡೂನು."

ಹಾಗೆ ಹೇಳುವಾಗ ಅವಳು ಭೂತಗನ್ನಡಿಯಿಂದ ಕಣ್ಣು ಎತ್ತಲಿಲ್ಲ. ಆದರೆ ಧ್ವನಿ ಸಣ್ಣದಾಗಿತ್ತು. ಆ ವಾರ ಅವಳ ಎಣಿಕೆಯ ಹಾಳೆಯಲ್ಲಿ ಖಾಲಿ ಮನೆಗಳೇ ಹೆಚ್ಚಾಗಿದ್ದವು. ಈ ಗುಂಪು ಜೂನಿನವರೆಗೆ ಬದುಕಿ ಉಳಿದೀತೇ ಎಂದು ನನಗೇ ಭಯವಾಯಿತು.

ಹೋಟೆಲಿನ ಅಡುಗೆಮನೆಯಲ್ಲಿ ಬೇಸಿಗೆಯೆಂದರೆ ಹಿಟ್ಟಿನ ಚಿಂತೆ. ರುಬ್ಬಿದ ಹಿಟ್ಟು ಹೊತ್ತಿಗೆ ಮೊದಲೇ ಉಕ್ಕಿ ಹುಳಿಯಾಗುತ್ತದೆ. ಅದಕ್ಕೆ ನಮ್ಮಲ್ಲಿ ಇದ್ದದ್ದು ಒಂದೇ ಮದ್ದು. ಪಾತ್ರೆಗೆ ಒದ್ದೆ ಗೋಣಿ ಹೊದಿಸಬೇಕು, ಒಣಗಿದ ಹಾಗೆಲ್ಲ ನೀರು ಚಿಮುಕಿಸಬೇಕು. ಯಾರೂ ಹೇಳಿ ಮಾಡಿಸುವ ಕೆಲಸವಲ್ಲ, ಮಾಡಿ ಯಾರಿಗೂ ಹೇಳುವ ಕೆಲಸವೂ ಅಲ್ಲ. ಹದಿನೆಂಟು ವರ್ಷ ಮಾಡಿದ ಕೈ, ಏಪ್ರಿಲಿನ ಮೂರನೆಯ ವಾರದ ಒಂದು ಮಧ್ಯಾಹ್ನ, ರವೆಯ ಖಾಲಿ ಗೋಣಿಯೊಂದನ್ನು ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ರ‍್ಯಾಕಿನ ಮೇಲೆ ಹೊದಿಸಿತು. ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿದೆ. ನೊಣಗಳು ಎದ್ದು ಗಾಜಿನ ಮೇಲೆ ಹರಿದಾಡುತ್ತಿದ್ದವು. ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಮರುದಿನವೂ ಹೊದಿಸಿದೆ, ಅದರ ಮರುದಿನವೂ. ಸಂಜೆ ಇಳಿಸುವ ಮೊದಲು ಗೋಣಿಯನ್ನು ಬೆಂಚಿನ ಹಿಂದೆ ಒಣಹಾಕುತ್ತಿದ್ದೆ. ಬಚ್ಚಿಡುವ ಉದ್ದೇಶವಿರಲಿಲ್ಲ, ಒಣಗಲು ಜಾಗ ಅಲ್ಲಿತ್ತು. ಗೋಡೆಯ ಥರ್ಮಾಮೀಟರಿನಲ್ಲಿ ಕಂಡದ್ದನ್ನು ಕಂಡ ಹಾಗೇ ಬರೆಯುತ್ತಿದ್ದೆ. ಮೂವತ್ತನಾಲ್ಕು. ಮೂವತ್ತೈದು. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ. ಶಾಹೀನಳಿಗೆ ಎಣಿಕೆ ಬಿಟ್ಟು ಮೇಲೆ ಬರಲು ಪುರಸೊತ್ತಿರಲಿಲ್ಲ. ಬರುವ ಅಗತ್ಯವೂ ಅವಳಿಗೆ ಕಾಣಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ.

ಮೇ ತಿಂಗಳಲ್ಲಿ ಒಂದು ದಿನ ಅವಳು ಸ್ಟೂಲಿನಿಂದ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು. "ಕಾಕಾ, ಮೊಟ್ಟಿ ಏರಾಕ ಹತ್ಯಾವ!" ಮುಂದಿನ ತಲೆಮಾರಿನಲ್ಲಿ ಇನ್ನೂ ಏರಿತು. ಪ್ರೊಫೆಸರರು ಬಂದು ಹಾಳೆ ನೋಡಿ, ಮರಾಠಿಯಲ್ಲಿ ಶಾಭಾಸ್ ಹೇಳಿ ಹೋದರು. ಅವಳು ಬೈಕುಲ್ಲಾದಿಂದ ಖಜೂರ ತಂದು ಎಲ್ಲರಿಗೂ ಹಂಚಿದಳು. ನಾನೂ ತಿಂದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಗತ್ತಿನಲ್ಲಿ ಎರಡು ಹೆಚ್ಚೇ ತಿಂದೆ.

ಮೇ ಕೊನೆಯಲ್ಲಿ ಸೆಮಿನಾರ್ ಕೋಣೆಯಲ್ಲಿ ಅವಳ ಭಾಷಣವಿತ್ತು. ಚಾ ಕೊಡುವ ಕೆಲಸ ನನ್ನದು. ಇಂಗ್ಲಿಷ್ ಮಾತು ಅರ್ಧಂಬರ್ಧ ತಿಳಿಯಿತು, ಪರದೆಯ ಮೇಲಿನ ಚಿತ್ರ ಪೂರ್ತಿ ತಿಳಿಯಿತು. ಎರಡು ಗೆರೆ. ಒಂದು ಅಲುಗಾಡದೆ ನೇರ ಹೋಗಿತ್ತು. ಇನ್ನೊಂದು ಇಳಿದು, ಇಳಿದು, ಒಂದು ಕಡೆ ತಟ್ಟನೆ ತಿರುಗಿ ಮೇಲೇರಿತ್ತು. ಆ ತಿರುವಿನ ಹತ್ತಿರ ಅವಳು ಕೆಂಪು ಬಾಣ ಹಾಕಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾಷಣ ಮುಗಿದ ಮೇಲೆ ಕಪ್ಪು ಎತ್ತುತ್ತಾ ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಆ ಬಾಣ ಹಾಕಿದ್ದುಂಟಲ್ಲ, ಅದು ಯಾವಾಗ?"

"ಏಪ್ರಿಲ್ ಮೂರನೇ ವಾರ ಕಾಕಾ. ಅಲ್ಲಿಂದ ಅವು ಹೊಂದಿಕೊಳ್ಳಾಕ ಚಾಲೂ ಮಾಡ್ಯಾವ."

ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟೆ. ನೊಣಗಳು ಹೊಂದಿಕೊಂಡದ್ದಲ್ಲ, ಗೆರೆ ತಿರುಗಿಸಿದ್ದು ನನ್ನ ಗೋಣಿ ಎಂದು ಆ ಕ್ಷಣಕ್ಕೆ ಹೊಳೆಯಿತು. ಅವಳು ಮೂವತ್ತನಾಲ್ಕು ಡಿಗ್ರಿ ಎಂದು ಲೋಕಕ್ಕೆ ಹೇಳುತ್ತಿದ್ದಾಳೆ. ಅದು ಗೋಡೆಯ ಮೂವತ್ತನಾಲ್ಕು. ಗೋಣಿಯ ಕೆಳಗೆ ಎಷ್ಟಿತ್ತೆಂದು ದೇವರಿಗೇ ಗೊತ್ತು.

ಮೂರು ದಿನ ಊಟ ಸೇರಲಿಲ್ಲ. ಹೇಳಿದರೆ ಅವಳ ಕೆಲಸ ಮಣ್ಣುಪಾಲು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ; ಅವಳು ಡಾಕ್ಟರ್ ಶಾಹೀನ್ ಆಗುತ್ತಾಳೆ, ನಾನು ಮತ್ತೆ ಖಜೂರ ತಿನ್ನುತ್ತೇನೆ. ನೊಣ ಮೊಟ್ಟೆ ಇಟ್ಟರೆಷ್ಟು ಬಿಟ್ಟರೆಷ್ಟು, ಆಕಾಶವೇನು ಬೀಳುತ್ತದೆಯೇ ಎಂದು ಲೋಕಲಿನಲ್ಲಿ ನೇತಾಡುತ್ತಾ ನನಗೆ ನಾನೇ ವಾದ ಹೂಡಿದೆ. ಚರ್ಚ್‌ಗೇಟಿನಿಂದ ಮಲಾಡಿನವರೆಗೆ ಗೆಲ್ಲುತ್ತಿದ್ದ ವಾದ, ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗ ಸೋಲುತ್ತಿತ್ತು. ಗಿರಿಜಳಿಗೆ ಎಲ್ಲ ಹೇಳಿದೆ.

"ಹೋಗಿ ಹೇಳಿ ಬನ್ನಿ ಮಾರಾಯ್ರೆ" ಅಂದಳು. "ಆ ಹುಡುಗಿ ಬೈದ್ರೆ ಬೈಲಿ. ಹೀಗೆ ಅನ್ನ ಕಲಸಿಟ್ಟು ಏಳುದು ಎಷ್ಟು ದಿನ?"

ಆ ಭಾನುವಾರ ಬೆಳಿಗ್ಗೆ ರ‍್ಯಾಕನ್ನು ಮೇಲೆ ಇಟ್ಟು, ಗೋಣಿ ಹೊದಿಸದೆ, ಬೈಕುಲ್ಲಾಕ್ಕೆ ಹೋದೆ. ವರ್ಕ್‌ಶಾಪಿನ ಹಿಂದಿನ ಕೋಣೆಯೇ ಅವರ ಮನೆ. ಶಾಹೀನಳ ತಂದೆ ಕೈಯ ಗ್ರೀಸ್ ಒರೆಸಿಕೊಂಡು ಎದ್ದು ನಿಂತರು.

"ಬರ್ರಿ, ಕೂಡ್ರಿ. ನಮ್ಮ ಬೇಟಿ ದಿನಾ ನಿಮ್ಮ ಹೆಸರ ಹೇಳತಾಳ. ವಾಸು ಕಾಕಾ ಇಲ್ಲಂದ್ರ ನನ್ನ ಕೆಲಸ ಆಗತಿರಲಿಲ್ಲ ಅಂತಾಳ."

ಅವರು ಕೊಟ್ಟ ಚಾ ಕೈಯಲ್ಲಿ ಹಿಡಿದು ಕೂತೆ. ಶಾಹೀನ್ ಬಂದು ಎದುರಿಗೆ ಕೂತಳು. ಗೋಣಿಯ ಕತೆ ಹೇಳಿದೆ. ಎರಡು ಮಾತಿನಲ್ಲಿ ಮುಗಿಯಿತು. ಇಷ್ಟು ದಿನ ಇಷ್ಟು ಭಾರವಾಗಿದ್ದದ್ದು ಬಾಯಿಂದ ಬರುವಾಗ ಇಷ್ಟು ಸಣ್ಣದೇ ಎಂದು ನನಗೇ ಆಶ್ಚರ್ಯವಾಯಿತು.

ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಒಳಗೆ ಹೋಗಿ ಕಾಗದ, ಪೆನ್ನು ತಂದಳು.

"ಯಾವ ದಿನದಿಂದ?"

ಹೇಳಿದೆ.

"ದಿನಾ? ಒಂದ ದಿನಾನೂ ಬಿಟ್ಟಿಲ್ಲ?"

"ಬಿಟ್ಟಿಲ್ಲ. ಇವತ್ತು ಬಿಟ್ಟದ್ದು ಮೊದಲು."

"ನೀರ ಎಷ್ಟ ಸಲ ಹಾಕತಿದ್ರಿ?"

"ಎರಡು ಸಲ. ತುಂಬ ಸೆಕೆ ಇದ್ರೆ ಮೂರು."

ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟಳು. ತಂದೆ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಎದ್ದು ಹೊರಗೆ ಹೋದರು.

"ಕಾಕಾ, ನೀವು ಹೇಳದಿದ್ರ ಚೊಲೊ ಇತ್ತು" ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಅವಳಿಗೆ ದಣಿವಾಗಿತ್ತು, ಅಷ್ಟೇ. ನಾನು ಅತ್ತುಬಿಟ್ಟೆ. ಐವತ್ತೈದು ದಾಟಿದ ಗಂಡಸು, ಬೇರೆಯವರ ಮನೆಯಲ್ಲಿ, ಚಾ ಕಪ್ಪು ಹಿಡಿದುಕೊಂಡು ಅತ್ತೆ.

ಸೋಮವಾರ ಅವಳು ಆ ಬೇಸಿಗೆಯಲ್ಲಿ ಮೊದಲ ಸಲ ಟೆರೇಸಿನ ಕೋಣೆಗೆ ಬಂದಳು. ಎರಡು ಥರ್ಮಾಮೀಟರ್ ತಂದಿದ್ದಳು. ಒಂದನ್ನು ಹೊರಗೆ ಇಟ್ಟು, ಇನ್ನೊಂದನ್ನು ಖಾಲಿ ಸೀಸೆಗಳ ನಡುವೆ ಇಟ್ಟು, ನನ್ನ ಕೈಯಿಂದಲೇ ಗೋಣಿ ಹೊದಿಸಿದಳು. ಒಂದು ಗಂಟೆ ಇಬ್ಬರೂ ಮುರಿದ ಬೆಂಚಿನ ಮೇಲೆ ಕೂತೆವು. ಹೊರಗಿನದು ಮೂವತ್ತೈದು. ಒಳಗಿನದು ಇಪ್ಪತ್ತೆಂಟು.

"ಇಪ್ಪತ್ತೆಂಟು" ಎಂದು ಅವಳು ಇನ್ನೊಮ್ಮೆ ಓದಿದಳು. "ಇಷ್ಟ ತಂಪಿನ್ಯಾಗ ಯಾವ ನೊಣ ಮೊಟ್ಟಿ ಇಡೂದಿಲ್ಲ?"

ಅಂದಿನಿಂದ ಗೋಣಿ ಇಲ್ಲ. ಮಳೆ ಬರಲು ಇನ್ನೂ ಹತ್ತು ದಿನವಿತ್ತು, ಸೆಕೆ ಹಿಡಿದ ಪಟ್ಟು ಬಿಡಲಿಲ್ಲ. ನೊಣಗಳು ಮೊದಲು ಬಿದ್ದುಕೊಂಡವು, ಆಮೇಲೆ ಉದುರಿದವು. ಉಳಿದವು ಒಂದಿಷ್ಟು ಮೊಟ್ಟೆ ಇಟ್ಟವು. ಶಾಹೀನ್ ದಿನಾ ಭೂತಗನ್ನಡಿಯಲ್ಲಿ ನೋಡಿದಳು, ಒಂದೂ ಒಡೆಯಲಿಲ್ಲ. ಮೂರು ತಲೆಮಾರು ನನ್ನ ಗೋಣಿಯ ನೆರಳಿನಲ್ಲಿ ಸುಖವಾಗಿ ಹುಟ್ಟಿ ಬೆಳೆದಿದ್ದವು. ನಿಜವಾದ ಮಧ್ಯಾಹ್ನ ಎದುರಾದಾಗ ಎಂಟು ದಿನವೂ ತಡೆಯಲಿಲ್ಲ. ನನ್ನಿಂದಲೇ ಸತ್ತವಾ ಎಂದು ಕೇಳಿದೆ.

"ಹಂಗ ಹೇಳಾಕ ಬರೂದಿಲ್ಲ ಕಾಕಾ. ಒಂದ ಗುಂಪು ನೋಡಿ ಹೇಳಬಾರದು" ಅಂದಳು. ಅದು ವಿಜ್ಞಾನದ ಮಾತೋ, ನನ್ನ ಮೇಲಿನ ಕರುಣೆಯೋ ತಿಳಿಯಲಿಲ್ಲ. ನನಗಂತೂ ಉತ್ತರ ಗೊತ್ತಿತ್ತು.

ಪ್ರೊಫೆಸರರಿಗೆ ಅವಳೇ ಹೇಳಿದಳು. ಬಾಗಿಲ ಹೊರಗೆ ನಿಂತಿದ್ದ ನನಗೆ ಅವರ ಧ್ವನಿ ಕೇಳುತ್ತಿತ್ತು. ಗೆರೆ ಇಳಿಯುವವರೆಗಿನದನ್ನು ಇಟ್ಟುಕೊಂಡು ಉಳಿದದ್ದು ಬಿಡು, ಗೋಣಿಯ ಮಾತೇ ಎತ್ತಬೇಡ ಎಂದು ಅವರು ಮೊದಲು ಹೇಳಿದರು. ಅವಳು ಒಪ್ಪಲಿಲ್ಲ. ಒಪ್ಪದಿದ್ದರೆ ಪುನಃ ಮೊದಲಿನಿಂದ ಮಾಡಬೇಕಾಗುತ್ತದೆ, ಫೆಲೋಶಿಪ್ ಇಲ್ಲದೆ, ಮುಂದಿನ ಬೇಸಿಗೆಗೆ ಕಾದು ಎಂದರು. ಹಾಗೇ ಆಯಿತು. ತಾಪಮಾನದ ಪುಸ್ತಕದಲ್ಲಿ ಆ ನಲವತ್ತು ಚಿಲ್ಲರೆ ದಿನಗಳ ಎದುರಿಗೆ "ಒದ್ದೆ ಗೋಣಿ" ಎಂದು ನನ್ನ ಕೈಯಿಂದಲೇ ಬರೆಸಿದಳು. ಇಂಗ್ಲಿಷ್ ಬರುವುದಿಲ್ಲ ಎಂದೆ. ಕನ್ನಡದಲ್ಲೇ ಬರೀರಿ ಅಂದಳು. ಬರೆದು ಮುಗಿಸುವಾಗ ಹೊರಗೆ ಮಳೆ ಹಿಡಿದಿತ್ತು.

ಆ ವರ್ಷದ ಉಳಿದ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅವಳು ಸಂಜೆ ಮಲಾಡಿನ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳತೊಡಗಿದಳು. ಕೆಲವು ದಿನ ಇಬ್ಬರೂ ಫೋರ್ಟಿನಿಂದ ಚರ್ಚ್‌ಗೇಟಿಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ಅವಳ ಕಣ್ಣ ಸುತ್ತ ಕಪ್ಪು ಕೂತಿತ್ತು. ನಾನು ನೋಡಿಯೂ ನೋಡದ ಹಾಗೆ ನಡೆಯುತ್ತಿದ್ದೆ. ಫೆಬ್ರುವರಿಯ ಒಂದು ಸಂಜೆ ಸ್ಟೇಷನ್ನಿನ ಎದುರು ಸಿಗ್ನಲಿಗೆ ಕಾದು ನಿಂತಾಗ ಹೇಳಿದಳು.

"ಕಪಾಟ ಇನ್ನೂ ರಿಪೇರಿ ಆಗಿಲ್ಲ. ಮಾರ್ಚದಾಗ ಮತ್ತ ಮ್ಯಾಲಿನ ಖೋಲಿನಾ ಗತಿ. ಸರ್ ಬ್ಯಾರೆಯವರನ್ನ ತಗೋ ಅಂದ್ರು. ನಾ ಒಲ್ಲೆ ಅಂದೀನಿ. ನನಗ ನೀವ ಬೇಕು ಕಾಕಾ. ತಪ್ಪ ಮಾಡಿ ಮನೀತನಕ ಬಂದು ಹೇಳಿದವರು ನೀವ."

ಅಷ್ಟು ದೊಡ್ಡ ಮಾತನ್ನು ನನ್ನ ಬಗ್ಗೆ ಯಾರೂ ಆಡಿರಲಿಲ್ಲ. ಹೂಂ ಎಂದುಬಿಡಲು ಬಾಯಿ ತೆರೆದೆ. ಆಗ ರವೆಯ ಮೇಲೆ ರೆಕ್ಕೆ ಹರಡಿ ಬಿದ್ದಿದ್ದ ಆ ನೊಣಗಳು ಕಣ್ಣಿಗೆ ಕಟ್ಟಿದವು.

"ನನ್ನಿಂದಾಗುದಿಲ್ಲ ಮಾರಾಯ್ತಿ" ಅಂದೆ. "ಏಪ್ರಿಲಿನಲ್ಲಿ ಅವು ಬಿದ್ದುಕೊಂಡದ್ದು ಕಂಡ್ರೆ ನನ್ನ ಕೈ ಸುಮ್ಮನೆ ಇರುದಿಲ್ಲ. ನಾನು ಪುನಃ ಗೋಣಿ ಹಾಕ್ತೇನೆ. ಈ ಸಲ ನಿನ್ನ ಮುಖ ನೋಡಿದ್ರೆ ಬಂದು ಹೇಳುವ ಧೈರ್ಯವೂ ಇರ್ಲಿಕ್ಕಿಲ್ಲ."

ಸಿಗ್ನಲ್ ಬಿತ್ತು. ಇಬ್ಬರೂ ದಾಟಿದೆವು.

ಕೇಳಿಕೊಂಡು ಕೆಳಗಿನ ಲೈಬ್ರರಿಗೆ ಬದಲಿ ಮಾಡಿಸಿಕೊಂಡೆ. ನನ್ನ ಕುರ್ಚಿ ಮೆಟ್ಟಿಲಿನ ಪಕ್ಕದಲ್ಲೇ ಇತ್ತು. ಮಾರ್ಚ್ ಬಂತು, ಏಪ್ರಿಲ್ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಸೀಸೆಗಳ ಕಿಣಿಕಿಣಿ ಸದ್ದು ಮೇಲೆ ಹೋಗುತ್ತಿತ್ತು, ಸಂಜೆ ಆರಕ್ಕೆ ಕೆಳಗೆ ಬರುತ್ತಿತ್ತು. ಎರಡನೆಯ ಮಾಳಿಗೆಯಲ್ಲಿ ಅವಳು ಏದುಸಿರು ಬಿಟ್ಟು ನಿಲ್ಲುವುದೂ ಕೇಳಿಸುತ್ತಿತ್ತು. ಒಂದು ದಿನವೂ ನಾನು ಎದ್ದು ಹೋಗಿ ರ‍್ಯಾಕಿಗೆ ಕೈ ಕೊಡಲಿಲ್ಲ. ಆ ಹುಡುಗಿಗೆ ನಾನು ಮಾಡಬಹುದಾಗಿದ್ದ ಉಪಕಾರ ಅದೊಂದೇ ಆಗಿತ್ತು.